ಮೂರ್ಮನೆಯ ಬಿಸಿ

ನಮ್ಮೂರಲ್ಲಿ ಬೆಂಕಿ ಹತ್ತುವುದಿಲ್ಲ. ಕಡ್ಡಿ ಗೀರಿದರೆ ಗೀರಿದ ಸದ್ದು ಬರುತ್ತದೆ, ಅಷ್ಟೆ. ಹೊರಗಿನಿಂದ ಬಂದವರು ಮೊದಲು ಬೆಂಕಿಪೆಟ್ಟಿಗೆಯನ್ನು ಬೈಯುತ್ತಾರೆ, ಆಮೇಲೆ ಗಾಳಿಯನ್ನು, ಆಮೇಲೆ ನಮ್ಮನ್ನು. ಸಂಜೆಯ ದೋಣಿಗೆ ಹೊರಟುಹೋಗುತ್ತಾರೆ. ನಾವು ಇಲ್ಲೇ ಹುಟ್ಟಿದವರು, ನಮಗೆ ಬೈಯಲು ಏನೂ ಇಲ್ಲ. ದೇವರ ಮುಂದೆ ದೀಪದ ಬದಲು ಹೂವಿಡುತ್ತೇವೆ, ಕತ್ತಲಾದರೆ ಮಲಗುತ್ತೇವೆ, ಅಡುಗೆಯನ್ನು ಬಾಯಿಂದ ಮಾಡುತ್ತೇವೆ.

ಊರಿಗೆ ಮೂರು ಬೀದಿ. ಇಂಗ್ಲಿಷರ ಬೀದಿ, ಡಚ್ಚರ ಬೀದಿ, ಜರ್ಮನರ ಬೀದಿ. ಆ ಹೆಸರಿನ ಜನ ಒಬ್ಬರೂ ಈಗಿಲ್ಲ. ಅಜ್ಜಿ ಹೇಳುತ್ತಿದ್ದಳು, ಮೂರು ಹಡಗು ಒಂದೇ ಬಿರುಗಾಳಿಗೆ ಸಿಕ್ಕಿ ನಮ್ಮ ದಡಕ್ಕೆ ಬಂದು ಬಿದ್ದವಂತೆ. ಹಡಗಿನವರು ಒಬ್ಬರ ಮುಖ ಒಬ್ಬರು ನೋಡದೆ ಮೂರು ಬೀದಿ ಕಟ್ಟಿಕೊಂಡು ಕೂತರಂತೆ. ಒಂದು ದಿನ ಕಡಲ ಮಂಜು ಬಂದು ಎಲ್ಲರೂ ಗಡಗಡ ನಡುಗುವಾಗ ಮೂರೂ ಬೀದಿಯವರ ಬಾಯಿಂದ ಒಂದೇ ಪದ ಬಂತಂತೆ. ‘ವಾರ್ಮ್.’ ಮೂರು ಭಾಷೆಯಲ್ಲೂ ಬೆಚ್ಚಗೆ ಅನ್ನುವುದಕ್ಕೆ ಅದೇ ಪದವಂತೆ. ಕಥೆ ಪ್ರತಿ ಸಲವೂ ಸ್ವಲ್ಪ ಬದಲಾಗುತ್ತಿತ್ತು. ಒಮ್ಮೊಮ್ಮೆ ಹಡಗು ನಾಲ್ಕಾಗುತ್ತಿದ್ದವು, ನಾಲ್ಕನೆಯದರಲ್ಲಿ ಆನೆ ಇರುತ್ತಿತ್ತು. ಆದರೆ ಪದ ಮಾತ್ರ ಯಾವತ್ತೂ ಬದಲಾಗಲಿಲ್ಲ. ಹಡಗಿನವರು ಹೋದರು, ಅವರ ಭಾಷೆಗಳೂ ಅವರೊಟ್ಟಿಗೆ ಹೋದವು, ಅವರ ಅಡುಗೆಯವರು, ತೋಟದವರು, ಬಟ್ಟೆ ಒಗೆಯುವವರು ಉಳಿದುಕೊಂಡರು. ಅವರ ಬಾಯಲ್ಲಿ ಆ ಒಂದು ಪದವೂ ಉಳಿಯಿತು. ನಾವು ಅವರ ಮೊಮ್ಮಕ್ಕಳ ಮೊಮ್ಮಕ್ಕಳು.

ಪದ ಒಂದೇ ಆದರೂ ಮೂರು ಬೀದಿಗೆ ಮೂರು ರುಚಿ. ಜರ್ಮನರ ಬೀದಿಯವರು ಕೆಳತುಟಿಗೆ ಹಲ್ಲು ತಾಗಿಸಿ ಶುರುಮಾಡಿ, ನಡುವೆ ಗಂಟಲನ್ನು ಸ್ವಲ್ಪ ಉಜ್ಜುತ್ತಾರೆ. ಡಚ್ಚರ ಬೀದಿಯವರು ಬಾಯಿ ಅಗಲ ಮಾಡಿ, ತುಟಿ ಮುಚ್ಚುವ ಮೊದಲು ಚಿಕ್ಕದೊಂದು ಉಸಿರು ಬಿಡುತ್ತಾರೆ. ನಾವು ಇಂಗ್ಲಿಷರ ಬೀದಿಯವರು ಅರ್ಧ ಪದವನ್ನು ನುಂಗಿಯೇ ಬಿಡುತ್ತೇವೆ. ಒಬ್ಬರೇ ಹೇಳಿದರೆ ಅದು ಬರೀ ಮಾತು. ಇಬ್ಬರು ಹೇಳಿದರೆ ಪಾತ್ರೆಯ ಮೇಲಿನ ಇಬ್ಬನಿ ಆರಬಹುದು. ಮೂರೂ ಬೀದಿಯವರು ಒಬ್ಬರ ಹಿಂದೆ ಒಬ್ಬರು ಹೇಳಿದರೆ ಮಾತ್ರ ಬಿಸಿ. ಒಂದು ಸಲಕ್ಕೆ ಹಾಲು ಉಗುರುಬೆಚ್ಚಗಾಗುತ್ತದೆ, ಏಳು ಸಲಕ್ಕೆ ಉಕ್ಕುತ್ತದೆ, ಕುಚ್ಚಲಕ್ಕಿ ಬೇಯಬೇಕಾದರೆ ಮೂವರ ಗಂಟಲೂ ಒಣಗಬೇಕು.

ಹಾಗಾಗಿ ಪ್ರತಿ ಮನೆಗೂ ಉಳಿದೆರಡು ಬೀದಿಗಳಲ್ಲಿ ಒಂದೊಂದು ಮನೆಯ ನಂಟು. ಮೂರ್ಮನೆ ಅನ್ನುತ್ತೇವೆ. ಮನೆಗೊಬ್ಬರಂತೆ ಮೂವರು ‘ದನಿ’ಗಳು ದಿನಾ ಬೆಳಿಗ್ಗೆ ಮೂರೂ ಅಡುಗೆಮನೆಗಳಿಗೆ ಹೋಗಿ ಬೇಯಿಸಿ ಬರುತ್ತಾರೆ. ಅವರ ಮಾತು ಆ ಮೂರು ಸೂರಿನ ಕೆಳಗೆ ಮಾತ್ರ ನಡೆಯುತ್ತದೆ. ಬೇರೆಯವರ ಮನೆಯಲ್ಲಿ ನಿಂತು ಗಂಟಲು ಹರಿದುಕೊಂಡರೂ ತಣ್ಣೀರು ತಣ್ಣೀರೇ. ಜಗಳವಾದರೆ ಮೂರು ಮನೆಗೂ ತಣ್ಣನೆ ಊಟ. ನಮ್ಮೂರಿನ ಜಗಳಗಳು ಹೆಚ್ಚಾಗಿ ಅಡುಗೆಯ ಹೊತ್ತಿಗೆ ಮುಗಿದುಹೋಗುವುದು ಇದಕ್ಕೇ.

ನಮ್ಮ ಮನೆಯ ದನಿ ಅಜ್ಜಿಯಾಗಿದ್ದಳು. ಉಸಿರು ಕುಗ್ಗಿದ ಮೇಲೆ ನನ್ನ ಕೊರಳಿಗೆ ಅರಿಸಿನ ಹಚ್ಚಿ ದನಿಯನ್ನು ನನಗೆ ಕೊಟ್ಟಳು. ಹಾಗೆ ಕೊಟ್ಟರೆ ಮಾತ್ರ ಅದು ಕೈ ಬದಲಾಯಿಸುತ್ತದೆ. ಆಗ ಅಕ್ಕ ಜಲಜ ಕೇಳಿದ್ದಳು, “ಅಜ್ಜೀ, ಈ ಕುಮುದನಿಗಾ? ಇವಳು ನೀರು ಸೇದ್ಲಿಕ್ಕೆ ಹೋದ್ರೆ ಕೊಡಪಾನ ಬಾವಿಕಟ್ಟೆಯಲ್ಲೇ ಇರ್ತದೆ, ಇವಳು ಮನೆಗೆ ಬಂದಿರ್ತಾಳೆ.” ಅಜ್ಜಿ ನಕ್ಕಳು. “ಕಥೆ ಹೇಳಿ ಹೇಳಿ ಇವಳನ್ನು ಹಾಳು ಮಾಡಿದ್ದು ನಾನೇ ಅಲ್ವಾ ಮಗಾ? ನಾನೇ ಸರಿ ಮಾಡ್ಬೇಕು.”

ದನಿಯ ಕೆಲಸದಲ್ಲಿ ಒಂದು ಎಚ್ಚರ ಬೇಕು. ಜರ್ಮನರ ಬೀದಿಯವರು ಮೊದಲು ಹೇಳುತ್ತಾರೆ, ಡಚ್ಚರ ಬೀದಿಯವರು ಆಮೇಲೆ, ಇಂಗ್ಲಿಷರ ಬೀದಿಯವರು ಕೊನೆಗೆ. ಕೊನೆಗೆ ಹೇಳುವವರ ಕಣ್ಣು ಎಲ್ಲಿದೆಯೋ ಬಿಸಿ ಅಲ್ಲಿಗೆ ಹೋಗುತ್ತದೆ. ಅಂದರೆ ನನ್ನ ಕಣ್ಣು.

ಜರ್ಮನರ ಬೀದಿಯಲ್ಲಿ ನಮ್ಮ ಮೂರ್ಮನೆಯೆಂದರೆ ಕ್ಷೌರದ ಕೊಗ್ಗಣ್ಣನದು. ಬಾಯಿ ತೆರೆದರೆ ತಮಾಷೆ, ಮುಚ್ಚಿದರೆ ಎಲೆಯಡಿಕೆ. ಡಚ್ಚರ ಬೀದಿಯಲ್ಲಿ ಸಲೋಮಿಯಮ್ಮ. ಅರವತ್ತು ದಾಟಿದ ಒಂಟಿ ಹೆಂಗಸು, ಊರಿನ ಅರ್ಧ ಹುಡುಗಿಯರಿಗೆ ಹೊಲಿಗೆ ಕಲಿಸಿದವರು. ಅವರ ಗಂಡ ಎಲೀಷ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಒಮ್ಮೆ ಹಡಗಿನಲ್ಲಿ ಬಂದ ಯಾರೋ ಎಲೀಷರ ಹಾಡನ್ನು ಗ್ರಾಮಫೋನ್ ತಟ್ಟೆಗೆ ಹತ್ತಿಸಿ ಕೊಟ್ಟಿದ್ದರು. ತಟ್ಟೆಯ ಒಂದೇ ಮಗ್ಗುಲು, ಒಂದೇ ಹಾಡು. ಹಾಡಿನ ನಡುವೆ ಎಲೀಷರು ಮಾತು ಮರೆತು ನಗುತ್ತಾರೆ, “ಸಲೋಮೀ, ಮುಂದೆ ಎಂತದು?” ಅಂತ ಕೇಳುತ್ತಾರೆ. ಸಲೋಮಿಯಮ್ಮ ದಿನಾ ಬೆಳಿಗ್ಗೆ ಕೀಲಿ ತಿರುಗಿಸಿ ತಟ್ಟೆ ಹಚ್ಚುತ್ತಿದ್ದರು, ಆ ಪ್ರಶ್ನೆ ಬಂದಾಗ ಒಲೆಯಿಲ್ಲದ ಅಡುಗೆಮನೆಯಿಂದಲೇ ಮುಂದಿನ ಸಾಲನ್ನು ಹೇಳುತ್ತಿದ್ದರು.

ಆವತ್ತು ಅವರ ಮನೆಯಲ್ಲಿ ಮೀನಿನ ಸಾರು. ಕೊಗ್ಗಣ್ಣ ಹೇಳಿದ, ಸಲೋಮಿಯಮ್ಮ ಹೇಳಿದರು, ನಾನು ಹೇಳಿದೆ. ಐದನೆಯದೋ ಆರನೆಯದೋ ಸಲ. ಬಾಗಿಲಿನಾಚೆ ಹಜಾರದಲ್ಲಿ ಕಪ್ಪು ತಟ್ಟೆ ತಿರುಗುತ್ತಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಒಂದು ಬೆಳಕಿನ ಮೀನು ಸುತ್ತು ಹಾಕುತ್ತಿತ್ತು. ಅದು ಅಜ್ಜಿಯ ಕಥೆಯ ಕಡಲಾಗಿ ಕಂಡಿತು, ನಾಲ್ಕನೆಯ ಹಡಗು ಇನ್ನೇನು ಬರುತ್ತದೆ ಅನ್ನಿಸಿತು. ನನ್ನ ಬಾಯಿ ಪದ ಹೇಳಿತು. ಕಣ್ಣು ಸಾರಿನ ಮೇಲೆ ಇರಲಿಲ್ಲ. ಒಂದೇ ಸಲವಾದರೆ ತಟ್ಟೆ ಉಳಿಯುತ್ತಿತ್ತೇನೋ. ನಾನು ಮೂರು ಸಲ ಅಲ್ಲೇ ಇದ್ದೆ. ಎಲೀಷರ ದನಿ ಮೊದಲು ಉದ್ದವಾಯಿತು, ಆಮೇಲೆ ದಪ್ಪವಾಯಿತು, “ಸಲೋ...” ಅಂದಲ್ಲಿಗೆ ಎತ್ತು ನಿಟ್ಟುಸಿರಿಟ್ಟಂತೆ ನಿಂತುಹೋಯಿತು. ಹೋಗಿ ನೋಡಿದರೆ ತಟ್ಟೆಯ ಅಂಚು ಹಳೆಯ ಹಪ್ಪಳದ ಹಾಗೆ ಕೆಳಗೆ ಜೋತುಬಿದ್ದಿತ್ತು.

ಸಲೋಮಿಯಮ್ಮ ಬೈಯಲಿಲ್ಲ. ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. ಸೆರಗಿನಿಂದ ಹಿಡಿದು ತಟ್ಟೆಯನ್ನು ಎತ್ತಿಕೊಂಡರು, ಒಳಗಿನ ಕೋಣೆಗೆ ಹೋದರು, ಬಾಗಿಲು ಹಾಕಿಕೊಂಡರು. ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಗೆ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಜ್ಜಿ ಹೋಗಿ ಬಂದಳು, ಕೊಗ್ಗಣ್ಣ ಹೋಗಿ ಬಂದ. ನಾನು ಹೋದಾಗ ಬಾಗಿಲು ತೆರೆಯಲಿಲ್ಲ.

ಮೂರು ಮನೆಯಲ್ಲಿ ಬಿಸಿ ನಿಂತಿತು. ನೆನೆಸಿದ ಅವಲಕ್ಕಿ, ಮೊಸರು, ಸೌತೆಕಾಯಿ, ಬಾಳೆಹಣ್ಣು. ಕೊಗ್ಗಣ್ಣನ ಕ್ಷೌರಕ್ಕೆ ಬಿಸಿನೀರು ತಪ್ಪಿತು, ಗಿರಾಕಿಗಳು ತಣ್ಣೀರಿಗೆ ಕೆನ್ನೆ ಕೊಟ್ಟು ಹಲ್ಲು ಕಡಿಯುತ್ತಿದ್ದರು. “ಎಂತ ಮಾಡುದು ಕುಮುದಾ,” ಅನ್ನುತ್ತಿದ್ದ ಅವನು, “ನನ್ನ ಹೊಟ್ಟೆ ಒಳಗೆ ಈಗ ಸೌತೆ ಬಳ್ಳಿ ಹಬ್ಬಿದೆ. ಇನ್ನು ಮೂಗಿನಲ್ಲಿ ಹೂ ಬಿಡುದೊಂದು ಬಾಕಿ.” ಬೀದಿಯವರು ನಮ್ಮನ್ನು ಕೈಬಿಡಲಿಲ್ಲ. ಯಾರಾದರೂ ಒಂದು ತಂಬಿಗೆ ಗಂಜಿಯನ್ನು ಸೆರಗಿನಡಿ ಮುಚ್ಚಿಕೊಂಡು ಓಡಿ ಬಂದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಎಂದೂ ಒಂದು ಮಾತು ಎತ್ತಿ ಆಡಲಿಲ್ಲ. ಆ ಗಂಜಿಯ ಋಣ ನನ್ನ ಮೈಯಲ್ಲಿದೆ.

ಹೀಗೆ ಏಳು ತಿಂಗಳು ಕಳೆಯಿತು. ಆಗ ಮಂಜಿನ ದಿನಗಳು. ಕಡಲಿನಿಂದ ಎದ್ದ ಬಿಳಿ ಮಂಜು ಮಧ್ಯಾಹ್ನದವರೆಗೂ ಬೀದಿಯಲ್ಲಿ ಕೂತಿರುತ್ತಿತ್ತು. ಬಸುರಿ ಜಲಜಕ್ಕ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಏಳನೆಯ ತಿಂಗಳು ತುಂಬುವ ಮೊದಲೇ, ಒಂದು ಬೆಳಗಿನ ಜಾವ, ಹೆರಿಗೆಯಾಯಿತು. ಹೆಣ್ಣುಮಗು. ಅಳಲಿಲ್ಲ, ಬೆಕ್ಕಿನ ಮರಿಯಂತೆ ಒಂದು ಸಣ್ಣ ಸದ್ದು ಮಾಡಿತು. ಸೂಲಗಿತ್ತಿ ದುಗ್ಗಮ್ಮ ಅದರ ಪಾದ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದಳು. “ಉಸಿರು ಉಂಟು. ಬಿಸಿ ಇಲ್ಲ. ಬಿಸಿ ಹಿಡಿದಿಟ್ಟುಕೊಳ್ಳುವಷ್ಟು ಮೈ ಇದಕ್ಕೆ ಇನ್ನೂ ಬರ್ಲಿಲ್ಲ.”

ಅಕ್ಕನಿಗೇ ಜ್ವರ ಏರಿ ನಡುಕ ಹತ್ತಿತ್ತು. ಹೊರಊರಿನವರಾದ ಭಾವ ಅಂಗಿ ಬಿಚ್ಚಿ ಮಗುವನ್ನು ಎದೆಗೆ ಒತ್ತಿಕೊಂಡು ಕೂತರು. ಪಕ್ಕದ ಮನೆಯವರು ಇಟ್ಟಿಗೆಗಳನ್ನು ಬಿಸಿ ಮಾಡಿ ಕಂಬಳಿಯಲ್ಲಿ ಸುತ್ತಿ ತಂದರು. ಬರುವಾಗ ಸುಡುತ್ತಿದ್ದ ಇಟ್ಟಿಗೆ ಮಂಜಿನಲ್ಲಿ ಅರ್ಧ ಗಂಟೆಗೆ ಆರಿಹೋಗುತ್ತಿತ್ತು. ದುಗ್ಗಮ್ಮ ತಲೆಯಾಡಿಸಿದಳು. “ಹೀಗೆ ಏರಿ ಇಳಿದ್ರೆ ಆಗುದಿಲ್ಲ. ಒಂದೇ ಸಮ ಬೇಕು. ತಾಸಿಗೊಂದು ಸಲ ತೊಟ್ಟಿಲು ಬೆಚ್ಚಗಾಗ್ಬೇಕು, ನಲವತ್ತು ದಿನ. ಈ ಮಂಜಿನಲ್ಲಿ ಇದನ್ನು ಹೊಸ್ತಿಲು ದಾಟಿಸ್ಲಿಕ್ಕಿಲ್ಲ.” ಆಮೇಲೆ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು.

ಡಚ್ಚರ ಬೀದಿಯುದ್ದಕ್ಕೂ ಮನಸ್ಸಿನಲ್ಲಿ ಒಂದು ದೊಡ್ಡ ಮಾತನ್ನು ಕಟ್ಟಿಕೊಂಡು ಹೋದೆ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯರು ಹೇಳುವಂಥ ಮಾತು, ಆಣೆ ಪ್ರಮಾಣಗಳೆಲ್ಲ ಇದ್ದವು ಅದರಲ್ಲಿ. ಆವತ್ತು ಬಾಗಿಲು ತೆರೆದೇ ಇತ್ತು. ಸಲೋಮಿಯಮ್ಮ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಬೇಯಿಸಲಾಗದ ಅಕ್ಕಿ. ಪಕ್ಕದ ಡಬ್ಬಿಯಲ್ಲಿ ಹೀಗೇ ಆರಿಸಿಟ್ಟದ್ದು ತುಂಬಿತ್ತು. ನನ್ನ ದೊಡ್ಡ ಮಾತು ಎಲ್ಲಿ ಹೋಯಿತೋ.

“ಜಲಜಕ್ಕನಿಗೆ ಮಗು ಆಯ್ತು,” ಅಂದೆ. “ಏಳನೇ ತಿಂಗಳು. ತಣ್ಣಗಾಗ್ತಾ ಉಂಟು.”

ಅವರು ತಲೆ ಎತ್ತಲಿಲ್ಲ. ಬೆರಳು ಮಾತ್ರ ಅಕ್ಕಿಯ ಮೇಲೆ ನಿಂತಿತು. “ಗಂಡಾ ಹೆಣ್ಣಾ?”

“ಹೆಣ್ಣು.”

“ಎಷ್ಟು ಉಂಟು?”

ನಾನು ಎರಡು ಕೈ ಅಗಲಿಸಿ ತೋರಿಸಿದೆ. ಒಂದು ಹೀರೇಕಾಯಿಯಷ್ಟು. ಅವರು ಆಗ ತಲೆ ಎತ್ತಿದರು, ನನ್ನ ಮುಖ ಬಿಟ್ಟು ಆ ಎರಡು ಕೈಗಳ ನಡುವಿನ ಖಾಲಿ ಜಾಗವನ್ನು ನೋಡಿದರು.

“ನಿನ್ನ ಮೇಲಿನ ಸಿಟ್ಟು ಹೋಗ್ಲಿಲ್ಲ ನನಗೆ.”

“ಗೊತ್ತು ಸಲೋಮಿಯಮ್ಮ.”

“ಮುಂದೆ ಹೋಗ್ತದೆ ಅಂತಲೂ ನಾನು ಹೇಳುದಿಲ್ಲ.”

“ಹೇಳುದು ಬೇಡ.”

“ಆ ಪದ ಒಂದು ಬಿಟ್ಟು ನಿನ್ನ ಹತ್ರ ನನಗೆ ಬೇರೆ ಮಾತಿಲ್ಲ. ಕೇಳಿತಾ?”

“ಕೇಳಿತು.”

“ಮತ್ತೆ ಎಂತಕ್ಕೆ ಕಂಬದ ಹಾಗೆ ನಿಂತಿದ್ದಿ? ಮಗುವಿಗೆ ಚಳಿ ಆಗುದಿಲ್ವಾ? ಆ ಗೂಟದಿಂದ ಶಾಲು ಕೊಡು.”

ಮಂಜಿನಲ್ಲಿ ಅವರು ನನಗಿಂತ ಮುಂದೆ ನಡೆದರು. ಅರವತ್ತು ದಾಟಿದ ಕಾಲು ಅಷ್ಟು ಬೇಗ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಿಂದಿನಿಂದ ಅವರ ಶಾಲನ್ನೇ ನೋಡುತ್ತಾ ಬಂದೆ. ಕೊಗ್ಗಣ್ಣ ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಕತ್ತಿ ಕೈಯಲ್ಲೇ ಹಿಡಿದು ಓಡಿ ಬಂದಿದ್ದ. ದುಗ್ಗಮ್ಮ ಅದನ್ನು ಕಿತ್ತುಕೊಂಡು ಸೂರಿಗೆ ಸಿಕ್ಕಿಸಿದಳು.

ತೊಟ್ಟಿಲಲ್ಲಿ ಹತ್ತಿಯ ಹಾಸು ಹಾಕಿದ್ದರು. ಅದರ ಮೇಲೆ ಮಗು. ಬಿಸಿ ಹಾಸಿನೊಳಕ್ಕೆ ಹೋಗಬೇಕು, ಮಗುವಿನ ಮೈಗೆ ನೇರ ಹೋಗಬಾರದು. ಒಂದು ಬೆರಳು ಆಚೆಗೆ ಈಚೆಗೆ ನನ್ನ ಕಣ್ಣು ಜಾರಿದರೆ ಏನಾಗುತ್ತದೆ ಅನ್ನುವುದನ್ನು ಆ ಕಪ್ಪು ತಟ್ಟೆಯಲ್ಲಿ ನೋಡಿದವಳು ನಾನು. “ನನ್ನಿಂದ ಆಗುದಿಲ್ಲ,” ಅಂದೆ. “ಅಜ್ಜೀ, ನೀನೇ ವಾಪಸು ತಗೊ. ನನಗೆ ಬೇಡ ಇದು.”

ಅಜ್ಜಿ ಬಾಯಿ ತೆರೆಯುವ ಮೊದಲೇ ಸಲೋಮಿಯಮ್ಮ ಕೊಗ್ಗಣ್ಣನ ಕಡೆ ತಿರುಗಿದರು. ನಾನು ಅವರಿಂದ ಒಂದು ಮೊಳ ದೂರದಲ್ಲಿ ನಿಂತಿದ್ದೆ. “ಕೊಗ್ಗಾ, ಅವಳಿಗೆ ಹೇಳು. ಆ ಮುದುಕಿಗೆ ಈಗ ತಾಸಿಗೊಮ್ಮೆ ಉಸಿರು ಎಲ್ಲಿಂದ ಬರ್ಬೇಕು? ನೋಡುದು ಅವಳೇ.”

ಕೊಗ್ಗಣ್ಣ ನನ್ನ ಕಡೆ ತಿರುಗಿದ. “ಕುಮುದಾ, ನೋಡುದು ನೀನೇ ಅಂತೆ.”

“ಕೇಳಿತು,” ಅಂದೆ.

ಅಜ್ಜಿ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. “ಈಗ ಕಥೆ ಬೇಡ ಮಗಾ. ಮುಂದೆ ಇರುದನ್ನು ಮಾತ್ರ ನೋಡು.”

ಕೊಗ್ಗಣ್ಣ ಮೆಲ್ಲನೆ ಹೇಳಿದ. ಸಲೋಮಿಯಮ್ಮ ಹೇಳಿದರು. ಏಳು ತಿಂಗಳು ಮುಚ್ಚಿದ್ದ ಬಾಯಿ, ಪದ ಮೊದಲು ತುಕ್ಕು ಹಿಡಿದ ಚಿಲಕದ ಹಾಗೆ ಅಂಟಿಕೊಂಡು ಆಮೇಲೆ ಬಿಟ್ಟಿತು. ನಾನು ಹಾಸಿನ ಒಂದು ಮಡಿಕೆಯನ್ನು ಆರಿಸಿಕೊಂಡೆ. ಮಗುವಿನ ಕಾಲಿನಿಂದ ಎರಡು ಬೆರಳು ದೂರದ ಮಡಿಕೆ. ಅದರಲ್ಲಿ ಒಂದು ನೂಲು ಎದ್ದಿತ್ತು, ಹತ್ತಿಯ ಬೀಜದ ಕಂದು ಚೂರೊಂದು ಉಳಿದಿತ್ತು. ಆ ಮಡಿಕೆ ಕಡಲಾಗಲಿಲ್ಲ, ಬೆಟ್ಟವಾಗಲಿಲ್ಲ. ಮಡಿಕೆಯಾಗಿಯೇ ಇತ್ತು. ಹೇಳಿದೆ.

ದುಗ್ಗಮ್ಮ ಕೈ ಹಾಕಿ ನೋಡಿದಳು. “ಹ್ಞಾಂ,” ಅಂದಳು. ಅಷ್ಟೇ. ಭಾವ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕಳಿಸಿದರು.

ಆವತ್ತಿನಿಂದ ಸಲೋಮಿಯಮ್ಮ ಮತ್ತು ಕೊಗ್ಗಣ್ಣ ನಮ್ಮಲ್ಲೇ ಉಳಿದರು. ಕೊಗ್ಗಣ್ಣ ಅಂಗಡಿ ಮುಚ್ಚಿದ್ದರಿಂದ ಜರ್ಮನರ ಬೀದಿಯ ಗಂಡಸರೆಲ್ಲ ಹದಿನೈದು ದಿನದಲ್ಲಿ ಋಷಿಗಳಾದರು. ಗಂಟಲು ಉಳಿಸಬೇಕೆಂದು ದುಗ್ಗಮ್ಮ ನಮ್ಮಿಂದ ಅಡುಗೆ ಮಾಡಿಸಲಿಲ್ಲ. ಮೂರೂ ಬೀದಿಯವರು ಸರದಿಯಲ್ಲಿ ಊಟ ತಂದರು. ಸಲೋಮಿಯಮ್ಮ ತಮ್ಮ ಪಾಲನ್ನು ಜಗಲಿಗೆ ಒಯ್ದು, ಬೀದಿಗೆ ಮುಖ ಮಾಡಿ, ಒಬ್ಬರೇ ಕೂತು ಉಣ್ಣುತ್ತಿದ್ದರು. ನನಗೆ ಏನು ಹೇಳಬೇಕಿದ್ದರೂ ಕೊಗ್ಗಣ್ಣನ ಮೂಲಕ. “ಕೊಗ್ಗಾ, ಅವಳಿಗೆ ಹೇಳು, ಕಿಟಕಿ ಹಾಕಲಿ.” “ಕೊಗ್ಗಾ, ಅವಳು ನಿನ್ನೆಯಿಂದ ಮಲಗ್ಲಿಲ್ಲ, ಈ ತಾಸು ಮುಗಿದ ಮೇಲೆ ಬಿದ್ದುಕೊಳ್ಳಲಿ.” ಕೊಗ್ಗಣ್ಣ ಪಾಪ ಒಂದಕ್ಷರ ಬಿಡದೆ ದಾಟಿಸುತ್ತಿದ್ದ. ಒಮ್ಮೆ ಮಾತ್ರ ರೇಗಿದ. “ಇಬ್ಬರ ನಡುವೆ ನಾನು ಅಂಚೆಯವನಾ? ನನಗೊಂದು ಚೀಲ ಆದ್ರೂ ಹೊಲಿದು ಕೊಡಿ!” ಹಾಸಿಗೆಯಲ್ಲಿ ಅಕ್ಕ ನಕ್ಕಳು. ಜ್ವರ ಬಿಟ್ಟಮೇಲೆ ಅವಳು ನಕ್ಕದ್ದು ಅದೇ ಮೊದಲು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ನಾನು ಜಾರಿದೆ. ಕೊಗ್ಗಣ್ಣನದಾಯಿತು, ಸಲೋಮಿಯಮ್ಮನದಾಯಿತು, ನನ್ನ ಸರದಿ. ಮಗು ನಿದ್ದೆಯಲ್ಲಿ ಬೆರಳು ಬಿಡಿಸಿತು. ಆ ಬೆರಳು ಅಷ್ಟು ಚಂದ, ನನ್ನ ಮನಸ್ಸು ಅದನ್ನು ಹಿಡಿದುಕೊಂಡು ಎಲ್ಲಿಗೋ ಹೊರಟಿತು. ಪದ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹಾಗೇ ಕಚ್ಚಿ ಹಿಡಿದೆ, ಕಣ್ಣು ಮುಚ್ಚಿದೆ. “ನನ್ನ ಕಣ್ಣು ಹೋಗಿತ್ತು,” ಅಂದೆ. “ಇನ್ನೊಮ್ಮೆ ಮೊದಲಿನಿಂದ ಹೇಳಿ.” ನಾನು ಕಣ್ಣು ತೆರೆದಾಗ ಸಲೋಮಿಯಮ್ಮ ನನ್ನನ್ನೇ ನೋಡುತ್ತಿದ್ದರು, ಏಳೂವರೆ ತಿಂಗಳಲ್ಲಿ ಮೊದಲ ಸಲ, ಮುಖಕ್ಕೆ ಮುಖ ಕೊಟ್ಟು. ಕೊಗ್ಗಣ್ಣನಿಗೆ ಸನ್ನೆ ಮಾಡಿದರು. ಅವನು ಮೊದಲಿನಿಂದ ಶುರುಮಾಡಿದ.

ಮೂವತ್ತೆಂಟನೆಯ ದಿನ ಮಗುವಿನ ಮೂಗಿನ ತುದಿಯಲ್ಲಿ ಬೆವರ ಹನಿ ಕಾಣಿಸಿತು. ದುಗ್ಗಮ್ಮ ಅದನ್ನು ಬೆರಳಿಂದ ಒರೆಸಿ ಎಲ್ಲರಿಗೂ ತೋರಿಸಿದಳು, ಮುತ್ತು ಸಿಕ್ಕಿದವಳ ಹಾಗೆ. “ಇನ್ನು ಸಾಕು ಮಾರಾಯ್ರೇ. ಇನ್ನು ಬೇಯಿಸಿದ್ರೆ ಕಡುಬು ಆಗ್ತದೆ ಇದು.” ಮಗು ದೊಡ್ಡದಾಗಿ ಅತ್ತಿತು. ಅಕ್ಕ ಎತ್ತಿಕೊಂಡು ಸಲೋಮಿಯಮ್ಮನ ಮಡಿಲಲ್ಲಿ ಇಟ್ಟಳು. ಅವರು ಅದರ ಕುಲಾವಿಯನ್ನು ತೆಗೆದು ನೆತ್ತಿಯನ್ನು ಮೂಸಿ ನೋಡಿದರು. ಆಮೇಲೆ ಅಕ್ಕನಿಗೆ ಮರಳಿ ಕೊಟ್ಟು, ಶಾಲು ಮಡಿಸತೊಡಗಿದರು.

“ಸಲೋಮಿಯಮ್ಮ,” ಅಂದ ಕೊಗ್ಗಣ್ಣ, “ಹೋಗುದಾದ್ರೆ ಹೋಗಿ. ಆದ್ರೆ ಗಂಟಲು ಇನ್ನೂ ಕಾದಿದೆ. ಒಂದು ಪಾತ್ರೆ ಗಂಜಿ ಬೇಯಿಸಿ ಹೋಗುವಾ. ಊರವರದ್ದು ಉಂಡು ಉಂಡು ನನಗೆ ನಾಚಿಕೆ ಬರ್ತದೆ. ನನಗೇ ನಾಚಿಕೆ ಬಂದದ್ದು ಅಂದ್ರೆ ನೀವೇ ಲೆಕ್ಕ ಹಾಕಿ.”

ಅವರು ಮಡಿಸುತ್ತಿದ್ದ ಶಾಲನ್ನು ತೊಟ್ಟಿಲ ಪಕ್ಕ ಇಟ್ಟರು. ಆಮೇಲೆ ಅಡುಗೆಮನೆಗೆ ಬಂದರು. ಅಕ್ಕಿ ತೊಳೆದು ಇಟ್ಟೆ. ಮೂವರೂ ಪಾತ್ರೆಯ ಸುತ್ತ ನಿಂತೆವು. ನಾನು ನೀರನ್ನು ನೋಡಿದೆ. ನೀರು ಮೊದಲು ಸುಮ್ಮನಿತ್ತು, ಆಮೇಲೆ ತಳದಲ್ಲಿ ಗುಳ್ಳೆ ಕೂತವು, ಆಮೇಲೆ ಅಕ್ಕಿಯ ಒಂದೊಂದು ಕಾಳೂ ಎದ್ದು ತಿರುಗಿ ಬಿತ್ತು. ಎಷ್ಟು ಸಲ ಹೇಳಿದೆವೋ, ಎಣಿಸಲಿಲ್ಲ. ಕುಚ್ಚಲಕ್ಕಿ ಬೇಯುವ ವಾಸನೆ ಎಂಟು ತಿಂಗಳ ಮೇಲೆ ನಮ್ಮ ಗೋಡೆಗಳಿಗೆ ತಾಗಿತು. ಸಲೋಮಿಯಮ್ಮ ಕಣ್ಣು ಮುಚ್ಚಿ ಉಸಿರೆಳೆದರು. ಆಗ ನನಗೆ ಹೊಳೆಯಿತು. ಇಷ್ಟು ದಿನ ನಾನು ನಮ್ಮ ತಣ್ಣನೆ ಊಟದ ಬಗ್ಗೆಯೇ ಯೋಚಿಸಿದ್ದೆ. ಅವರೂ ಒಂಟಿ ಮನೆಯಲ್ಲಿ, ಮಾತಿಗೆ ಯಾರೂ ಇಲ್ಲದೆ, ಅಷ್ಟೇ ದಿನ ತಣ್ಣನೆಯ ಅವಲಕ್ಕಿಯನ್ನೇ ಅಗಿದಿದ್ದರು.

ಬಡಿಸಿದೆ. ಅವರು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಾರೆಂದು ದಾರಿ ಬಿಟ್ಟು ನಿಂತೆ. ಹೋಗಲಿಲ್ಲ. ಅಡುಗೆಮನೆಯ ನೆಲದ ಮೇಲೆಯೇ ಕೂತರು, ನನ್ನ ತಟ್ಟೆಯ ಪಕ್ಕದಲ್ಲಿ. ಒಂದು ತುತ್ತು ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು. ನಾನು ಉಪ್ಪು ಹಾಕಲು ಮರೆತಿದ್ದೆ. ಉಪ್ಪಿನ ಭರಣಿ ತರಲು ಎದ್ದೆ. ಅವರು ನನ್ನ ಸೆರಗಿನ ತುದಿ ಹಿಡಿದು ಕೆಳಕ್ಕೆ ಎಳೆದರು.

“ಉಪ್ಪು ನಾನು ತಗೊಳ್ತೇನೆ,” ಅಂದರು. “ನೀನು ಕೂತು ಉಣ್ಣು. ಆರ್ತದೆ.”